ಹುಂಜಕ್ಕೆ ವೀರಗಲ್ಲು, ಕಾವಿಗೆ ಕೂತ ಹೇಂಟೆಗೆ?

ಹೋದ ವರ್ಷ ಏಪ್ರಿಲ್‌ನಲ್ಲಿ ಎಣ್ಣೂರಿನ ನಮ್ಮ ಮನೆಯ ಹಿತ್ತಲಲ್ಲಿ ನಡೆದ ಸಣ್ಣ ಸಂಗತಿಯಿಂದ ಈ ಲೇಖನ ಶುರುವಾಗುತ್ತದೆ. ನಮ್ಮಲ್ಲಿರುವುದು ಐದು ನಾಟಿ ಹೇಂಟೆ, ಒಂದು ಹುಂಜ. ಅವುಗಳಲ್ಲಿ ಕಪ್ಪು ಹೇಂಟೆಯೊಂದು ಇದ್ದಕ್ಕಿದ್ದಂತೆ ಮೊಟ್ಟೆ ಇಡುವುದನ್ನು ನಿಲ್ಲಿಸಿತು. ಗೂಡು ಬಿಟ್ಟು ಏಳಲಿಲ್ಲ. ಕೈ ಹಾಕಿದರೆ ಮೈಯೆಲ್ಲ ಗರಿ ಕೆದರಿ ಕುಕ್ಕುತ್ತಿತ್ತು. ಬೇಲಿಯಾಚೆಯಿಂದ ನೋಡಿದ ಪಕ್ಕದ ಮನೆಯಾಕೆ, "ಅಕ್ಕಾ, ಅದು ಅಡೈ ಕೋಳಿ ಆಯಿಡುಚ್ಚು" ಎಂದರು. ನಮ್ಮೂರಿನ ಮಾತಿನಲ್ಲಿ ಹೇಳುವುದಾದರೆ ಕೋಳಿ ಕಾವಿಗೆ ಬಂದಿತ್ತು.

ನನಗೆ ಸಂಭ್ರಮ. ಅಡುಗೆಮನೆಯಲ್ಲಿ ಕೂಡಿಟ್ಟಿದ್ದ 11 ಮೊಟ್ಟೆಗಳನ್ನು ತಗಡಿನ ಚಾವಣಿಯ ಕೆಳಗಿನ ಬುಟ್ಟಿಯಲ್ಲಿಟ್ಟು ಕೋಳಿಯನ್ನು ಕೂರಿಸಿದೆ. 21 ದಿನ ಕಳೆದ ಮೇಲೆ ಹೊರಬಂದದ್ದು ಮೂರೇ ಮರಿ. ಮದ್ದೂರಿನ ಕಡೆ ಇರುವ ಅಮ್ಮನಿಗೆ ಫೋನ್ ಮಾಡಿ ಹೇಳಿದರೆ ಅವಳು, "ಅಲ್ಲ ಕಣೇ, ಉಗಾದಿ ಕಳೆದ ಮೇಲೆ, ಅದೂ ತಗಡಿನ ಕೆಳಗೆ, ಯಾರಾದ್ರೂ ಕೋಳಿ ಕೂರಿಸ್ತಾರಾ? ಒಂದು ಮಾತು ಕೇಳಬಾರದಿತ್ತಾ?" ಎಂದಳು.

ಕೇಳಬೇಕೆಂದು ನನಗೆ ತೋಚಿರಲೇ ಇಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಆ ಪರೀಕ್ಷೆಯ ಶುಲ್ಕ ಕಟ್ಟಿದ್ದು ಅಮ್ಮನ ಕೋಳಿ ದುಡ್ಡಿನಿಂದ. ಆದರೆ ಆ ಕೋಳಿ ದುಡ್ಡು ಹೇಗೆ ಹುಟ್ಟುತ್ತಿತ್ತು ಎಂಬುದು ನಾನು ಓದಿದ ಯಾವ ಪಠ್ಯದಲ್ಲೂ ಇರಲಿಲ್ಲ, ನಾನೂ ಅದನ್ನು ಇತಿಹಾಸ ಎಂದುಕೊಂಡಿರಲಿಲ್ಲ. ಆ ತಪ್ಪನ್ನು ತಿದ್ದಿಕೊಳ್ಳಲು ಈ ಬರಹ.

ಕಲ್ಲಿನಲ್ಲಿ ಉಳಿದದ್ದು ಹುಂಜ

ಅಮ್ಮನ ಊರಿರುವ ಮದ್ದೂರು ತಾಲ್ಲೂಕಿನಲ್ಲೇ ಆತಕೂರು ಇದೆ. ಅಲ್ಲಿ ಸಿಕ್ಕ ಕ್ರಿ.ಶ. 949-50ರ ಶಾಸನ ಕರ್ನಾಟಕದ ಇತಿಹಾಸ ಓದಿದವರಿಗೆಲ್ಲ ಗೊತ್ತು. ಹಂದಿಯೊಂದಿಗೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾವಿರುವ ತಮಿಳುನಾಡಿನಲ್ಲಿ ಕೋಳಿಗೂ ಇಂಥ ಗೌರವ ಸಿಕ್ಕಿದೆ. ವಿಳುಪ್ಪುರಂ ಜಿಲ್ಲೆಯ ಅರಸಲಾಪುರಂನಲ್ಲಿ ಕಾಳಗದ ಹುಂಜವೊಂದರ ನೆನಪಿಗೆ ನೆಟ್ಟ ಕಲ್ಲು ಸಿಕ್ಕಿದ್ದು, ಅದರ ಮೇಲೆ ಹುಂಜದ ಚಿತ್ರವೂ ವಟ್ಟೆಳುತ್ತು ಲಿಪಿಯ ಬರಹವೂ ಇವೆ. ಸುಮಾರು 1500 ವರ್ಷ ಹಳೆಯದು.

ಹುಡುಕುತ್ತಾ ಹೋದರೆ ಹುಂಜಗಳ ಸಾಲೇ ಸಿಗುತ್ತದೆ. ಚೋಳರ ಹಳೆಯ ರಾಜಧಾನಿ ಉರೈಯೂರಿಗೆ 'ಕೋಳಿ' ಎಂಬ ಹೆಸರೇ ಇತ್ತು. ಹುಂಜವೊಂದು ಆನೆಯನ್ನು ಎದುರಿಸಿ ಗೆದ್ದ ಜಾಗ ಅದು ಎನ್ನುತ್ತದೆ ಐತಿಹ್ಯ. ಮುರುಗನ ಬಾವುಟದಲ್ಲಿರುವುದು ಹುಂಜ. 1209ರ ಸುಮಾರಿಗೆ ಜನ್ನ ಬರೆದ 'ಯಶೋಧರ ಚರಿತೆ'ಯಲ್ಲಿ ಕಥೆಯನ್ನೆಲ್ಲ ತಿರುಗಿಸುವುದು ಹಿಟ್ಟಿನಲ್ಲಿ ಮಾಡಿದ ಹುಂಜದ ಬಲಿ. ಕರಾವಳಿಯ ಕೋಳಿ ಅಂಕದಲ್ಲಿ ಮೆರೆಯುವುದೂ ಹುಂಜ. ನಾವು ಮಕ್ಕಳಿಗೆ ಹೇಳುವ ಅಜ್ಜಿಯ ಕೋಳಿಯ ಕಥೆಯಲ್ಲೂ ಕೂಗಿ ಬೆಳಗು ಮಾಡುವುದು ಹುಂಜವೇ.

ಇವುಗಳಲ್ಲಿ ಒಂದೊಂದೂ ಯಾವುದೋ ಹಿತ್ತಲಿನ ಬುಟ್ಟಿಯಲ್ಲಿ, ಯಾವುದೋ ಹೇಂಟೆಯ ಹೊಟ್ಟೆಯ ಕೆಳಗೆ, 21 ದಿನದ ಕಾವಿನಲ್ಲಿ ಹುಟ್ಟಿದ್ದು. ಅದನ್ನು ಕೂರಿಸಿದ್ದು ಒಬ್ಬ ಹೆಂಗಸು. ಆ ಇಬ್ಬರಿಗೂ ಕಲ್ಲಿಲ್ಲ.

ಕಾಡಿನಿಂದ ಹಿತ್ತಲಿಗೆ

ಸಾಕುಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಸುಮಾರು 3500 ವರ್ಷ ಹಿಂದಿನ ಮೂಳೆಗಳೇ ಸಾಕುಕೋಳಿಯ ಅತಿ ಹಳೆಯ ಖಚಿತ ಗುರುತು ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಭತ್ತದ ಗದ್ದೆಯ ಕಾಳಿಗಾಗಿ ಕಾಡಿನಿಂದ ಇಳಿದು ಬಂದ ಹಕ್ಕಿ ಮನೆಯ ಬಳಿ ಉಳಿಯಿತು ಎಂಬುದು ಆ ವಿದ್ವಾಂಸರ ವಿವರಣೆ. ನಮ್ಮ ಪಾಲೂ ಇದರಲ್ಲಿದೆ. ಕೋಳಿಯ ಕಾಲು, ಚರ್ಮಗಳ ಹಳದಿ ಬಣ್ಣ ಬಂದದ್ದು ಕೆಂಪು ಕಾಡುಕೋಳಿಯಿಂದಲ್ಲ, ಪಶ್ಚಿಮ ಘಟ್ಟದಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ವಂಶವಾಹಿಗಳ ಮೂಲಕ ತೋರಿಸಿದರು.

ಕಾಡಿನ ಹೇಂಟೆ ಒಂದಷ್ಟು ಮೊಟ್ಟೆಯಿಟ್ಟು, ಅವು ಮಡಿಲು ತುಂಬುವಷ್ಟಾದಾಗ ಕೂರುತ್ತದೆ. ನಮ್ಮ ನಾಟಿ ಕೋಳಿಯೂ ಹಾಗೆಯೇ. ಹತ್ತು ಹದಿನೈದು ಮೊಟ್ಟೆಯಿಟ್ಟು ಕಾವಿಗೆ ಬರುತ್ತದೆ. ಕೂತು, ಮರಿ ಮಾಡಿ, ಮರಿಗಳನ್ನು ಎರಡು ತಿಂಗಳು ಮೇಯಿಸಿ ಮತ್ತೆ ಮೊಟ್ಟೆಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆಯುತ್ತವೆ. ಆದ್ದರಿಂದಲೇ ವರ್ಷಕ್ಕೆ ಅದು ಕೊಡುವುದು ಹೆಚ್ಚೆಂದರೆ ಐವತ್ತು ಅರವತ್ತು ಮೊಟ್ಟೆ.

ಈ ಹಟದ ಹಿಂದಿನ ಕಾರಣ ವಿಜ್ಞಾನಕ್ಕೆ ತಿಳಿದದ್ದು ತಡವಾಗಿ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಹುಟ್ಟುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಚುಚ್ಚಿದರೆ ಮೊಟ್ಟೆಯಿಡುವ ಕೋಳಿ ಕಾವಿಗೆ ಕೂರುತ್ತದೆ ಎಂದು ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು 1935ರಲ್ಲಿ ತೋರಿಸಿದರು. ತಾಯಂದಿರಾದ ನಮ್ಮ ಮೈಯಲ್ಲಿ ಹಾಲು ಬರಿಸುವುದೂ ಇದೇ ಪ್ರೊಲ್ಯಾಕ್ಟಿನ್. ಹಾಗಾಗಿ ಕಾವಿಗೆ ಬಂದ ಕೋಳಿಯನ್ನು "ಸೋಮಾರಿ" ಎಂದು ಬೈಯುವುದು ಬಾಣಂತಿಯನ್ನು ಸೋಮಾರಿ ಎಂದಂತೆ.

ಗುಡುಗಿಗೆ ಕಬ್ಬಿಣದ ಚೂರು

ಅಮ್ಮ ಕೋಳಿ ಕೂರಿಸುತ್ತಿದ್ದ ರೀತಿಯನ್ನು ಫೋನಿನಲ್ಲೇ ಹೇಳಿಸಿ ಬರೆದುಕೊಂಡೆ. ಹಳೆಯ ಮಂಕರಿಯ ತಳಕ್ಕೆ ಒಲೆಯ ಬೂದಿ, ಅದರ ಮೇಲೆ ಹುಲ್ಲು, ಹೇನು ಬಾರದಂತೆ ಬೇವಿನ ಸೊಪ್ಪು. ಮೊಟ್ಟೆಗಳ ಲೆಕ್ಕ ಬೆಸವಾಗಿರಬೇಕು: 9, 11, ದೊಡ್ಡ ಕೋಳಿಯಾದರೆ 13. ಅಮಾವಾಸ್ಯೆ ಕೂಡದು. ಕೂರಿಸುವುದು ಕತ್ತಲಾದ ಮೇಲೆ. ಮಂಕರಿಯ ಮೂಲೆಯಲ್ಲಿ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು, ಒಂದು ಒಣಮೆಣಸಿನಕಾಯಿ. ಏಕೆಂದರೆ ಗುಡುಗಿದರೆ ಮೊಟ್ಟೆ ಕೆಡುತ್ತದೆ.

ಇದನ್ನು ಬರೆದುಕೊಳ್ಳುವಾಗ ಎಲ್ಲೋ ಓದಿದ ನೆನಪಾಯಿತು. ಕ್ರಿ.ಶ. ಒಂದನೇ ಶತಮಾನದಲ್ಲಿ ಕೊಲುಮೆಲ್ಲ ಎಂಬ ರೋಮನ್ ಲೇಖಕ ಬೇಸಾಯದ ಬಗ್ಗೆ ದೊಡ್ಡ ಗ್ರಂಥ ಬರೆದ. ಅದರ ಎಂಟನೆಯ ಭಾಗ ಕೋಳಿ, ಬಾತು, ಪಾರಿವಾಳಗಳ ಸಾಕಣೆಗೆ ಮೀಸಲು. ಕಾವಿಗಿಡುವ ಮೊಟ್ಟೆಗಳ ಸಂಖ್ಯೆ ಬೆಸವಾಗಿರಬೇಕು, ಚಂದ್ರ ಬೆಳೆಯುವ ಪಕ್ಷದಲ್ಲಿ ಇಡಬೇಕು ಎನ್ನುತ್ತಾನೆ ಅವನು. ಗೂಡಿನ ಹುಲ್ಲಿನ ಕೆಳಗೆ ಬಹಳ ಜನ ಲಾರೆಲ್ ಎಂಬ ಮರದ ಕಡ್ಡಿ, ಬೆಳ್ಳುಳ್ಳಿ, ಕಬ್ಬಿಣದ ಮೊಳೆ ಇಡುತ್ತಾರೆ, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು, ಎಂದೂ ಬರೆದಿದ್ದಾನೆ. ಎರಡು ಸಾವಿರ ವರ್ಷ ಹಿಂದಿನ ರೋಮನ್ ಜಮೀನ್ದಾರ, ಮದ್ದೂರು ಸೀಮೆಯ ನನ್ನ ಅಮ್ಮ, ಇಬ್ಬರ ಬುಟ್ಟಿಯಲ್ಲೂ ಕಬ್ಬಿಣ! ವ್ಯತ್ಯಾಸ ಒಂದೇ. ಅವನು ಬರೆದಿಟ್ಟ, ಅವನದು ಕೃಷಿಶಾಸ್ತ್ರವಾಯಿತು. ಅಮ್ಮ ಬರೆಯಲಿಲ್ಲ, ಅವಳದು ಮೂಢನಂಬಿಕೆಯಾಯಿತು.

ಕಬ್ಬಿಣ ಗುಡುಗನ್ನು ತಡೆಯುವುದಿಲ್ಲ, ನಿಜ. ಆದರೆ ಉಳಿದದ್ದರಲ್ಲಿ ಸತ್ವವಿದೆ. ಬೂದಿ, ಬೇವು ಹೇನಿಗೆ ಒಳ್ಳೆಯದು. ರಾತ್ರಿ ಹೊಸ ಜಾಗಕ್ಕೆ ತಂದ ಕೋಳಿ ಹಗಲಿನಲ್ಲಿ ತಂದಂತೆ ಗಾಬರಿಯಾಗಿ ಓಡುವುದಿಲ್ಲ. ಹತ್ತರ ಆಸುಪಾಸಿನ ಮೊಟ್ಟೆ ಒಂದು ನಾಟಿ ಕೋಳಿಯ ಮೈಯಡಿ ಸರಿಯಾಗಿ ಹಿಡಿಯುತ್ತದೆ. ಎಂಟನೆಯ ದಿನ ಅಮ್ಮ ಬುಡ್ಡಿದೀಪದ ಮುಂದೆ ಅಂಗೈ ಮರೆಮಾಡಿ ಮೊಟ್ಟೆ ಹಿಡಿದು, ಒಳಗೆ ನರ ಕಂಡರೆ ಉಳಿಸಿ, ಕಾಣದಿದ್ದರೆ ತೆಗೆಯುತ್ತಿದ್ದಳು. ಇಂದಿನ ಹ್ಯಾಚರಿಗಳಲ್ಲಿ ಮಾಡುವುದೂ ಅದನ್ನೇ, ದೀಪವಷ್ಟೇ ಬೇರೆ.

ಕೂರಿಸಬೇಕೋ ಬಿಡಿಸಬೇಕೋ ಎಂಬ ತೀರ್ಮಾನವೂ ಅವಳದೇ. ಎಲ್ಲ ಕೋಳಿಯೂ ಕೂತರೆ ಮೊಟ್ಟೆಯಿಲ್ಲ, ಯಾವುದೂ ಕೂರದಿದ್ದರೆ ಮರಿಯಿಲ್ಲ. ಹಬ್ಬಕ್ಕೆ ಎಷ್ಟು ಕೋಳಿ ಬೇಕು, ಶಾಲೆ ತೆರೆಯುವಾಗ ಎಷ್ಟು ದುಡ್ಡು ಬೇಕು ಎಂದು ಎಣಿಸಿ ಆರು ಕೋಳಿಯಲ್ಲಿ ಎರಡನ್ನು ಕೂರಿಸುತ್ತಿದ್ದಳು. ಯಾವುದು ಕಳೆದ ಸಲ ಮೊಟ್ಟೆ ತುಳಿದಿತ್ತು, ಯಾವುದು ಹದ್ದು ಬಂದಾಗ ಮರಿಗಳನ್ನು ರೆಕ್ಕೆಯಡಿ ಸೇರಿಸಿತ್ತು ಎಂಬ ಲೆಕ್ಕ ತಲೆಯಲ್ಲೇ ಇತ್ತು. ಸ್ವಂತ ಕೋಳಿಯಿಲ್ಲದವರಿಗೆ ಒಂದು ಹೇಂಟೆಯನ್ನು ವಾರಕ್ಕೆ ಕೊಟ್ಟು, ಹುಟ್ಟಿದ ಮರಿಯಲ್ಲಿ ಅರ್ಧ ಪಡೆಯುವುದೂ ಇತ್ತು. ಆಂಧ್ರದ ಪೂರ್ವ ಗೋದಾವರಿಯ ಆದಿವಾಸಿ ಮಹಿಳೆಯರಲ್ಲಿ ಇದಕ್ಕೇ 'ವಾಟಾ' ಎಂಬ ಹೆಸರಿದೆ. ಕಾವಿಗೆ ಕೂರುವ ಕೋಳಿ ಇದ್ದರೆ ಮಾತ್ರ ಈ ಪಾಲುದಾರಿಕೆ ನಡೆಯುತ್ತದೆ. ಬ್ಯಾಂಕಿನ ಬಾಗಿಲು ಕಾಣದವರಿಗೆ ಬಡ್ಡಿ ಹುಟ್ಟುತ್ತಿದ್ದುದು ಕಾವಿನಲ್ಲಿ.

ಎಲ್ಲವೂ ಚೆನ್ನಾಗಿತ್ತು ಎಂದು ಹೇಳಲಾರೆ. ಬೇಡದ ಕಾವನ್ನು ಬಿಡಿಸಲು ಕೋಳಿಯನ್ನು ತಣ್ಣೀರಿನಲ್ಲಿ ಅದ್ದುತ್ತಿದ್ದರು, ಮೂಗಿನ ಹೊಳ್ಳೆಗೆ ಗರಿ ಚುಚ್ಚುತ್ತಿದ್ದರು, ಬಿಸಿಲಿನಲ್ಲಿ ಕಾಲು ಕಟ್ಟಿ ಬಿಡುತ್ತಿದ್ದರು. ನೀರಿನಲ್ಲಿ ಅದ್ದಿದ ಒಂದು ಕೋಳಿ ಮರುದಿನ ಸತ್ತು ಬಿದ್ದದ್ದನ್ನು ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. ಹೊಟ್ಟೆಯ ಭಾಗ ತಂಪಾದರೆ ಕಾವು ಇಳಿಯುತ್ತದೆ ಎಂಬ ಅವರ ಅಂದಾಜು ಸರಿ, ಆರಿಸಿಕೊಂಡ ದಾರಿ ಕ್ರೂರ.

ಯಂತ್ರ ಬಂದಾಗ

ಕೋಳಿಯಿಲ್ಲದೆ ಮರಿ ಮಾಡುವ ಆಸೆ ಬಹಳ ಹಳೆಯದು. ಈಜಿಪ್ಟಿನಲ್ಲಿ ಗೊಬ್ಬರದ ರಾಶಿಯ ಬಿಸಿಯಲ್ಲಿ ಮೊಟ್ಟೆ ಮರಿಯಾಗುವುದನ್ನು ಕ್ರಿ.ಪೂ. 4ನೇ ಶತಮಾನದಲ್ಲೇ ಅರಿಸ್ಟಾಟಲ್ ಬರೆದಿದ್ದಾನೆ. ಆಮೇಲೆ ಅಲ್ಲಿ ಸಾವಿರಾರು ಮೊಟ್ಟೆ ಹಿಡಿಯುವ ಇಟ್ಟಿಗೆಯ ಒಲೆಮನೆಗಳೇ ಎದ್ದವು. ರೋಮಿನ ಲಿವಿಯಾ ರಾಣಿಯ ಕಥೆ ಇನ್ನೂ ಸ್ವಾರಸ್ಯ. ಬಸುರಿಯಾಗಿದ್ದಾಗ ಮಗು ಗಂಡೋ ಹೆಣ್ಣೋ ತಿಳಿಯಲು ಅವಳು ಒಂದು ಮೊಟ್ಟೆಯನ್ನು ಎದೆಯಲ್ಲೇ ಇಟ್ಟುಕೊಂಡು, ಕೆಳಗಿಡಬೇಕಾದಾಗ ದಾದಿಯ ಮಡಿಲಿಗೆ ದಾಟಿಸಿ ಮರಿ ಮಾಡಿಸಿದಳಂತೆ. ಹುಂಜದ ಮರಿ ಬಂತು, ಮುಂದೆ ಚಕ್ರವರ್ತಿಯಾದ ಟೈಬೀರಿಯಸ್ ಹುಟ್ಟಿದ. ಇದನ್ನು ಹೇಳಿದವನು ಹಿರಿಯ ಪ್ಲೀನಿ. ನೋಡಿ, ಅಲ್ಲೂ ನೆನಪಿನಲ್ಲಿ ಉಳಿದದ್ದು ಹುಂಜ!

ನಿಜವಾದ ಬದಲಾವಣೆ ಬಂದದ್ದು 1879ರಲ್ಲಿ ಕ್ಯಾಲಿಫೋರ್ನಿಯಾದ ಪೆಟಲೂಮದಲ್ಲಿ ಲೈಮನ್ ಬೈಸ್ ಮಾಡಿದಂಥ ಇನ್‌ಕ್ಯುಬೇಟರ್‌ಗಳಿಂದ. ಮರಿಗೆ ಯಂತ್ರ ಸಾಕು ಎಂದಾದ ಮೇಲೆ ಕಾವಿಗೆ ಬರುವುದು ದೋಷವಾಯಿತು. ಕೂರದ ಕೋಳಿಗಳನ್ನೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದರು. ಇಟಲಿಯ ಲಿವೋರ್ನೊ ಬಂದರಿನ ಹೆಸರು ಹೊತ್ತ ಬಿಳಿ ಲೆಗ್‌ಹಾರ್ನ್ ಹೀಗೆ ತಾಯ್ತನವನ್ನು ಬಹುತೇಕ ಮರೆತು ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆಯಿಡುವ ಹಕ್ಕಿಯಾಯಿತು.

ದಕ್ಷಿಣ ಭಾರತದ ಹಳ್ಳಿಗೆ ಆ ಕೋಳಿ ಬಂದದ್ದು ಸದುದ್ದೇಶದಿಂದಲೇ. 1920ರ ದಶಕದಲ್ಲಿ ಆಗಿನ ತಿರುವಾಂಕೂರಿನ ಮಾರ್ತಾಂಡಂನಲ್ಲಿ ವೈ.ಎಂ.ಸಿ.ಎ. ಗ್ರಾಮ ಕೇಂದ್ರ ನಡೆಸುತ್ತಿದ್ದ ಸ್ಪೆನ್ಸರ್ ಹ್ಯಾಚ್, ಬಡ ಕುಟುಂಬಗಳು ಲೆಗ್‌ಹಾರ್ನ್ ಸಾಕಿ ಸಹಕಾರದ ಮೂಲಕ ಮೊಟ್ಟೆ ಮಾರುವಂತೆ ಮಾಡಿದರು. ಆದರೆ 1971ರಲ್ಲಿ ಬಿ.ವಿ. ರಾವ್ ಅವರು ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದ ನಂತರದ ಕಾಲ ಬೇರೆ. ಹ್ಯಾಚರಿ, ತಂತಿಪಂಜರ, ಸಿದ್ಧ ಆಹಾರ, ಸಾಲ, ಸಾಗಣೆ ಎಲ್ಲ ಸೇರಿ ಕೋಳಿ ಸಾಕಣೆ ಉದ್ಯಮವಾಯಿತು. ಮೊಟ್ಟೆ ಅಗ್ಗವಾಗಿ ಬಡವರ ಮಕ್ಕಳ ತಟ್ಟೆಗೂ ಬಂತು, ಅದನ್ನು ಮರೆಯಬಾರದು. ಜೊತೆಗೆ ಹಿತ್ತಲಿನ ಹೆಂಗಸಿನ ಕೈಯಿಂದ ಕೋಳಿ ದುಡ್ಡೂ ಜಾರಿತು. ನಮ್ಮ ಎಣ್ಣೂರಿನ ಅಂಗಡಿಗೆ ಇಂದು ಮೊಟ್ಟೆ ಬರುವುದು ನಾಮಕ್ಕಲ್ ಕಡೆಯಿಂದ. ಅಲ್ಲಿನ ಲಕ್ಷಾಂತರ ಕೋಳಿಗಳಲ್ಲಿ ಕಾವಿಗೆ ಕೂರುವ ಭಾಗ್ಯ ಯಾವುದಕ್ಕೂ ಇಲ್ಲ.

ಗಿರಿರಾಜನಿಗೆ ನಾಟಿ ತಾಯಿ

ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿಜ್ಞಾನಿಗಳು ಹಿತ್ತಲಿಗೆಂದೇ ಗಿರಿರಾಜ ಕೋಳಿಯನ್ನು ರೂಪಿಸಿದರು. ಬಣ್ಣಬಣ್ಣದ ಗರಿ, ಬೇಗ ಬೆಳೆಯುವ ಮೈ, ವರ್ಷಕ್ಕೆ 130-150 ಮೊಟ್ಟೆ. 2005ರಲ್ಲಿ ಇದರ ಜೊತೆಗೆ ಸ್ವರ್ಣಧಾರ ಬಂತು. ಹಳ್ಳಿಯ ಹೆಂಗಸರು ಇಷ್ಟಪಟ್ಟು ಸಾಕಿದರು. ಒಂದೇ ತೊಡಕು: ಗಿರಿರಾಜ ಹೇಂಟೆ ಕಾವಿಗೆ ಕೂರುವುದಿಲ್ಲ. ಪ್ರತಿ ಸಲ ಮರಿ ಕೊಳ್ಳಬೇಕು. ಇನ್‌ಕ್ಯುಬೇಟರ್ ಇಲ್ಲದ, ಕರೆಂಟ್ ನಂಬಲಾಗದ ಊರಿನಲ್ಲಿ ಪರಿಹಾರವೇನು? ಅದರ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಡಿ ಎಂಬುದೇ ಸಲಹೆ. ವಿಶ್ವವಿದ್ಯಾಲಯದ ತಳಿಯೂ ಕೊನೆಗೆ ಬಂದು ನಿಂತದ್ದು ಅಮ್ಮನ ಮಂಕರಿಯ ಮುಂದೆ!

2019ರ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 85 ಕೋಟಿ ಕೋಳಿ-ಬಾತುಗಳಲ್ಲಿ 31.7 ಕೋಟಿ ಹಿತ್ತಲಿನವು. 2012ರ ಗಣತಿಗಿಂತ ಇದು ಶೇ. 46ರಷ್ಟು ಹೆಚ್ಚು. ಹಿತ್ತಲಿನ ಕೋಳಿ ಹಿಂದೆ ಸರಿದಿಲ್ಲ. ಹಿಂದೆ ಸರಿಯುತ್ತಿರುವುದು ಅದನ್ನು ಕೂರಿಸಬಲ್ಲವರ ತಿಳಿವಳಿಕೆ.

ನಮ್ಮ ಹಿತ್ತಲಿಗೆ ಒಂದಷ್ಟು ಮಾತು

ನಾಲ್ಕಾರು ಕೋಳಿ ಸಾಕುವ ಸದಸ್ಯೆಯರಿಗೆ ಅಮ್ಮನಿಂದಲೂ ಅನುಭವದಿಂದಲೂ ಕಲಿತದ್ದನ್ನು ಹೇಳುತ್ತೇನೆ. ಹುಂಜವಿಲ್ಲದ ಮನೆಯ ಮೊಟ್ಟೆ ಮರಿಯಾಗದು, ಆದ್ದರಿಂದ ಮೊದಲು ಅದನ್ನು ವಿಚಾರಿಸಿ. ಮೊಟ್ಟೆ ಒಂದು ವಾರದೊಳಗಿನದಾಗಿರಲಿ, ಫ್ರಿಜ್ಜಿನದು ಬೇಡ. ಕಾವಿನ ಕೋಳಿಗೆ ನೆರಳಿನ, ಗಾಳಿಯಾಡುವ, ಬೇರೆ ಕೋಳಿಗಳು ನುಗ್ಗದ ಮೂಲೆ ಬೇಕು. ಇಲ್ಲವಾದರೆ ಉಳಿದವು ಅದೇ ಗೂಡಿನಲ್ಲಿ ದಿನವೂ ಹೊಸ ಮೊಟ್ಟೆಯಿಟ್ಟು ಲೆಕ್ಕ ತಪ್ಪಿಸುತ್ತವೆ. ಮೊದಲ ದಿನವೇ ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದರೆ ಹೊಸದು ಗೊತ್ತಾಗುತ್ತದೆ. ಕೋಳಿ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ತಿಂದು, ಕುಡಿದು, ಹಿಕ್ಕೆ ಹಾಕಬೇಕು. ತಾನಾಗಿ ಏಳದಿದ್ದರೆ ಮೆಲ್ಲನೆ ಎತ್ತಿ ಹೊರಗಿಡಿ. ಎಂಟನೆಯ ದಿನ ಮೊಬೈಲ್ ಟಾರ್ಚಿನಲ್ಲಿ ಮೊಟ್ಟೆ ನೋಡಿ. 18ರ ನಂತರ ಮುಟ್ಟಬೇಡಿ. 21ರಂದು ಚಿಪ್ಪು ಒಡೆಯುವ ಮರಿಗೆ ಸಹಾಯ ಮಾಡಲು ಹೋಗಬೇಡಿ. ಮೊದಲ ದಿನದ ಹಸಿವಿಗೆ ಹೊಟ್ಟೆಯೊಳಗಿನ ಹಳದಿಯೇ ಸಾಕು. ಕೊಕ್ಕರೆ ರೋಗದ ಲಸಿಕೆಯ ಹನಿಯನ್ನು ಮೊದಲ ವಾರದಲ್ಲೇ ಪಶುವೈದ್ಯರನ್ನು ಕೇಳಿ ಹಾಕಿಸಿ.

ಮರಿ ಬೇಡವೆಂದರೆ ಮೊಟ್ಟೆಯನ್ನು ದಿನವೂ ತೆಗೆಯಿರಿ. ಕೋಳಿಯನ್ನು ತಂತಿಯ ತಳವಿರುವ, ನೆಲದಿಂದ ಎತ್ತರದ ಪಂಜರದಲ್ಲಿ ಹುಲ್ಲು ಹಾಸದೆ, ನೀರು ಕಾಳು ಇಟ್ಟು, ಬೆಳಕು ಬೀಳುವ ನೆರಳಿನಲ್ಲಿ ಮೂರು ನಾಲ್ಕು ದಿನ ಬಿಡಿ. ಕೆಳಗಿನಿಂದ ಗಾಳಿ ತಾಗಿ ಕಾವು ತಾನಾಗಿ ಇಳಿಯುತ್ತದೆ. ಎರಡು ಮೂರು ವಾರಕ್ಕೆ ಮತ್ತೆ ಮೊಟ್ಟೆಗೆ ಬರುತ್ತದೆ. ನೀರಿನಲ್ಲಿ ಅದ್ದುವುದು, ಗರಿ ಚುಚ್ಚುವುದು ಖಂಡಿತ ಬೇಡ.

ಕಾಲದ ವಿಷಯದಲ್ಲಿ ಮಾತ್ರ ಅಮ್ಮನ ಲೆಕ್ಕವನ್ನು ಇಲ್ಲಿಗೆ ಹೊಂದಿಸಿಕೊಳ್ಳಬೇಕಾಯಿತು. ಅವಳು ದೀಪಾವಳಿ ಕಳೆದ ಮೇಲೆ ಕೂರಿಸುತ್ತಿದ್ದಳು. ಚೆನ್ನೈಗೆ ಜೋರು ಮಳೆ ಬರುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಆಗ ನಮ್ಮ ಹಿತ್ತಲೆಲ್ಲ ತೇವ. ಆದ್ದರಿಂದ ಈ ವರ್ಷ ಸಂಕ್ರಾಂತಿ ಆದ ಮೇಲೆ, ಸಮುದ್ರದ ಗಾಳಿ ಇನ್ನೂ ತಂಪಾಗಿದ್ದಾಗ, ಅದೇ ಕಪ್ಪು ಹೇಂಟೆಯನ್ನು ಬೇವಿನ ಮರದ ನೆರಳಿನ ಬದಿಯಲ್ಲಿ 9 ಮೊಟ್ಟೆಯ ಮೇಲೆ ಕೂರಿಸಿದೆ. ವೀಡಿಯೊ ಕರೆಯಲ್ಲಿ ಅಮ್ಮನದೇ ಮೇಲ್ವಿಚಾರಣೆ. "ಕಬ್ಬಿಣ ಇಟ್ಟೆಯಾ?" ಎಂದು ಕೇಳಿದಳು. ಇಟ್ಟೆ. ಗುಡುಗಿಗಾಗಿ ಅಲ್ಲ, ಅವಳಿಗಾಗಿ. 21ನೆಯ ದಿನ ಎಂಟು ಮರಿ ಬಂದವು. ಪಕ್ಕದ ಮನೆಯಾಕೆ ಎರಡು ಮರಿ ಕೇಳಿದ್ದಾರೆ, ದೊಡ್ಡವಾದ ಮೇಲೆ ಕೊಡುತ್ತೇನೆ.

ತಮಿಳಿನ 'ಅಡೈ ಕಾಕ್ಕುದು' ಎಂಬ ಮಾತಿನಲ್ಲಿ ಕಾಪಾಡುವ ಅರ್ಥವಿದೆ. ನಮ್ಮ ಕನ್ನಡದ 'ಕಾಯು' ಇನ್ನೂ ಹಿಗ್ಗಿದೆ. ಬಿಸಿಯಾಗುವುದೂ ಕಾಯುವುದೇ, ರಕ್ಷಿಸುವುದೂ ಕಾಯುವುದೇ, ದಾರಿ ನೋಡುತ್ತಾ ಕೂರುವುದೂ ಕಾಯುವುದೇ. ಬುಟ್ಟಿಯಲ್ಲಿ ಕೂತ ಹೇಂಟೆ ಮೂರನ್ನೂ ಒಟ್ಟಿಗೆ ಮಾಡುತ್ತದೆ. ನಮ್ಮ ತಾಯಂದಿರೂ ಮಾಡಿದ್ದು ಅದನ್ನೇ.

ಗೆಳತಿಯರೇ, ಊರಿನಲ್ಲಿ ನಿಮ್ಮ ಅಮ್ಮನೋ ಅತ್ತೆಯೋ ಇದ್ದರೆ ಈ ವಾರ ಒಂದು ಫೋನ್ ಮಾಡಿ. ಕೋಳಿಯನ್ನು ಯಾವಾಗ, ಹೇಗೆ ಕೂರಿಸುತ್ತಿದ್ದರು, ಆ ದುಡ್ಡಿನಲ್ಲಿ ಏನು ಮಾಡಿದರು ಎಂದು ಕೇಳಿ ಬರೆದಿಡಿ. ಕಲ್ಲು ಕೆತ್ತಿಸಲು ನಮ್ಮಿಂದಾಗದು. ಒಂದು ಪುಟ ಬರೆಯಬಹುದು.